ಓಬೋ ಕಲಿಕೆ: ಪೆಟ್ಟಿಗೆ ತೆರೆಯುವ ಮುಂಚೆ ರೀಡು ಪಳಗಿಸಿ

ಓಬೋ ಅನ್ನುವ ಪಾಶ್ಚಾತ್ಯ ಊದುವ ವಾದ್ಯ ಶುರು ಮಾಡಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಷ್ಟು ಊದಿದರೂ ಸ್ವರ ಹುಟ್ಟಲ್ಲ. ಹುಟ್ಟಿದರೂ ಬಾತುಕೋಳಿ ಕೂಗಿದ ಹಾಗಿರುತ್ತೆ. ನನ್ನ ತುಟಿನೇ ಸರಿಯಿಲ್ವಾ?" ತುಟಿ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಕಲಿಯುವ ಕ್ರಮ. ಪೆಟ್ಟಿಗೆ ಬಂದ ದಿನವೇ ವಾದ್ಯ ಜೋಡಿಸಿ, ಒಣ ರೀಡು (ಬಾಯಲ್ಲಿಟ್ಟು ಊದುವ ಪೀಪಿ) ಸಿಕ್ಕಿಸಿ, ಕೆನ್ನೆ ಉಬ್ಬಿಸಿ ಊದುತ್ತಾರೆ. ಒಂದು ವಾರದಲ್ಲಿ ತುಟಿ ನೋವು, ತಲೆ ಸುತ್ತು, ಬೇಜಾರು.

ಕ್ರಮ ಹೀಗಿರಲಿ: ಮೊದಲು ರೀಡು, ಆಮೇಲೆ ತುಟಿ, ಆಮೇಲೆ ಉಸಿರು, ಕೊನೆಗೆ ವಾದ್ಯ. ಮೊದಲ ಆರೇಳು ದಿನ ಪೆಟ್ಟಿಗೆ ಮುಚ್ಚಿಯೇ ಇರಲಿ. ಕಷ್ಟ ಅಂತ ಗೊತ್ತು, ಆದರೂ ಇರಲಿ.

ಬೇಕಾದ ಸಾಮಾನು

ರೀಡು ಮೂರು, ಒಂದಲ್ಲ. ಎರಡು ಸೀಳು ಜೊಂಡಿನ ಅಲಗನ್ನು ಒಂದು ಸಣ್ಣ ಲೋಹದ ಕೊಳವೆಗೆ ದಾರದಿಂದ ಸುತ್ತಿ ಕಟ್ಟಿದ್ದೇ ಓಬೋ ರೀಡು. ಚಿಕ್ಕವರಿದ್ದಾಗ ತೆಂಗಿನ ಗರಿ ಸುತ್ತಿ, ತುದಿಗೆ ಗರಿಯದೇ ಚಪ್ಪಟೆ ನಾಲಿಗೆ ಸಿಕ್ಕಿಸಿ ಪೀಪಿ ಮಾಡಿ ಊದಿರುತ್ತೀರಲ್ವಾ, ಕೆಲಸ ಅದೇ. ಎರಡು ಪದರ ಒಂದಕ್ಕೊಂದು ಬಡಿದು ಸದ್ದು ಹುಟ್ಟುತ್ತದೆ. ಹೊಸಬರು 'ಮೀಡಿಯಂ ಸಾಫ್ಟ್' ರೀಡು ಕೇಳಿ. ಕೈಯಲ್ಲಿ ಕೆರೆದು ಮಾಡಿದ ರೀಡು ದುಬಾರಿ, ಆದರೆ ಯಂತ್ರದಲ್ಲಿ ಮಾಡಿದ ಅಗ್ಗದ ರೀಡಿನ ಜೊತೆ ಒಂದು ತಿಂಗಳು ಗುದ್ದಾಡುವುದಕ್ಕಿಂತ ಅದೇ ವಾಸಿ. ಗಟ್ಟಿ ರೀಡು ಕೊಂಡರೆ ಬೇಗ ಪಳಗುತ್ತೇವೆ ಅನ್ನುವುದು ಸುಳ್ಳು. ಗಟ್ಟಿ ರೀಡು ಕಚ್ಚುವುದನ್ನು ಕಲಿಸುತ್ತದೆ, ಅಷ್ಟೇ.

ಇನ್ನು ನೀರಿಗೆ ಮುಚ್ಚಳವಿರುವ ಒಂದು ಪುಟ್ಟ ಡಬ್ಬಿ (ಮಾತ್ರೆ ಡಬ್ಬಿ ಸಾಕು), ಗಾಳಿಯಾಡುವ ರೀಡಿನ ಪೆಟ್ಟಿಗೆ, ಎರಡೂ ತುದಿಗೆ ದಾರವಿರುವ ರೇಷ್ಮೆ ಒರೆಸುಬಟ್ಟೆ, ಕಾರ್ಕ್‌ಗೆ ಹಚ್ಚುವ ಗ್ರೀಸ್, ಅಂಟಿಲ್ಲದ ಸಿಗರೇಟ್ ಪೇಪರ್, ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಮತ್ತು ತಾಳ ಎಣಿಸುವ ಮೆಟ್ರೊನೋಮ್. ರೀಡು ಕೆರೆಯುವ ಚಾಕು ಈಗ ಬೇಡ. ಒಳ್ಳೆಯ ರೀಡು ಹೇಗಿರುತ್ತದೆ ಅಂತ ಗೊತ್ತಾಗದೆ ಚಾಕು ಹಿಡಿದರೆ ಇರುವ ಮೂರೂ ಹೋಗುತ್ತವೆ.

ಹಂತ 1: ವಾದ್ಯ ಆರಿಸುವುದು

ಕಲಿಯುವವರಿಗೆ ಪ್ಲಾಸ್ಟಿಕ್ ಅಥವಾ ರೆಸಿನ್ ಮೈಯ ಓಬೋ ಸಾಕು. ನಾಚಿಕೆ ಪಡುವಂಥದ್ದೇನಿಲ್ಲ. ಮರದ್ದು ಗ್ರೆನಡಿಲ್ಲಾ ಅನ್ನುವ ಗಟ್ಟಿ ಕರಿಮರದಿಂದ ಆಗಿರುತ್ತದೆ. ತಣ್ಣಗಿರುವ ಮರದೊಳಗೆ ಬಿಸಿ ಉಸಿರು ನುಗ್ಗಿದರೆ ಸೀಳುತ್ತದೆ, ಅದೂ ಸಾಮಾನ್ಯವಾಗಿ ಮೇಲಿನ ಭಾಗದಲ್ಲೇ. ಹೊಸ ಮರದ ಓಬೋ ಕೊಂಡಿದ್ದರೆ, ಪೆಟ್ಟಿಗೆ ತೆರೆದು ಊದಲು ಶುರು ಮಾಡಿದ ಮೊದಲ ವಾರ ದಿನಕ್ಕೆ 10ರಿಂದ 15 ನಿಮಿಷ ಮಾತ್ರ ಊದಿ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಎಸಿ ಕೋಣೆಯಲ್ಲಿ ಅಥವಾ ಡಿಸೆಂಬರ್ ಬೆಳಗ್ಗೆ ಊದುವುದಿದ್ದರೆ ಮೇಲಿನ ಭಾಗವನ್ನು ಐದು ನಿಮಿಷ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ.

ಕೊಳ್ಳುವಾಗ ಮೂರು ಕೇಳಿ. (ಇಲ್ಲಿ ಬರುವ ಎ, ಬಿ, ಸಿ ಎಲ್ಲ ಪಾಶ್ಚಾತ್ಯ ಸ್ವರಗಳ ಹೆಸರು. ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ, ಫ್ಲಾಟ್ ಅಂದರೆ ಅರ್ಧ ಸ್ವರ ಕೆಳಗೆ.) ಎಡಗೈ ಕಿರುಬೆರಳಿಗೆ ಎಫ್ ಕೀ ಇದೆಯಾ? ಕೆಳಗಿನ ಬಿ ಫ್ಲಾಟ್ ಕೀ ಇದೆಯಾ? ಬೆರಳಿನ ವ್ಯವಸ್ಥೆ ಫ್ರಾನ್ಸಿನ ಕನ್ಸರ್ವೇಟೋರಿನದಾ, ಬ್ರಿಟನ್ನಿನ ಥಂಬ್‌ಪ್ಲೇಟಾ? ಈ ಮೂರನೆಯದಕ್ಕೆ ಬಹಳ ಜನ ಎಡವುತ್ತಾರೆ. ಇಲ್ಲಿ ಟ್ರಿನಿಟಿ, ಎಬಿಆರ್‌ಎಸ್‌ಎಂ ಅನ್ನುವ ಬ್ರಿಟಿಷ್ ಸಂಗೀತ ಪರೀಕ್ಷೆಗೆ ಕೂರುವವರ ಕೈಗೆ ಬ್ರಿಟಿಷ್ ಪುಸ್ತಕಗಳೇ ಜಾಸ್ತಿ ಸಿಗುತ್ತವೆ. ಅದರಲ್ಲಿರುವ ಬೆರಳಿನ ಪಟ್ಟಿ ಥಂಬ್‌ಪ್ಲೇಟಿನದಾಗಿದ್ದು ವಾದ್ಯ ಕನ್ಸರ್ವೇಟೋರಿನದಾಗಿದ್ದರೆ ಬಿ ಫ್ಲಾಟ್ ಮತ್ತು ಸಿ ಸ್ವರ ಹೊಂದುವುದಿಲ್ಲ. ತಪ್ಪು ನಿಮ್ಮದಲ್ಲ, ಪಟ್ಟಿಯದು. ಕೆಳಗೆ ಹೇಳುವ ಬೆರಳುಗಳೆಲ್ಲ ಕನ್ಸರ್ವೇಟೋರ್ ವ್ಯವಸ್ಥೆಯವು.

ಆನ್‌ಲೈನಿನಲ್ಲಿ ಕಂಡ ತೀರಾ ಅಗ್ಗದ ಹೊಸ ಓಬೋಗಿಂತ ಓಬೋ ಗೊತ್ತಿದ್ದವರು ಊದಿ ನೋಡಿದ ಹಳೆಯದು ಎಷ್ಟೋ ಮೇಲು. ನಾನು ಕೇಳದೆ ಒಂದು ಅಗ್ಗದ್ದು ತರಿಸಿದ್ದೆ. ಜಿ ಸ್ವರದಿಂದ ಕೆಳಗೆ ಒಂದೂ ಹೊರಡಲಿಲ್ಲ. ನಾಲ್ಕು ತಿಂಗಳು ನನ್ನನ್ನೇ ಬೈದುಕೊಂಡೆ.

ಹಂತ 2: ರೀಡು ನೆನೆಸುವುದು

ಡಬ್ಬಿಯಲ್ಲಿ ಮಾಮೂಲಿ ನೀರು ಹಾಕಿ. ಬಿಸಿ ನೀರು ಬೇಡ. ರೀಡಿನ ಅಲಗಿನ ಭಾಗ ಮಾತ್ರ ಮುಳುಗಲಿ, ದಾರ ಮತ್ತು ಕಾರ್ಕ್ ಒಣಗಿರಲಿ. ಎರಡು ಮೂರು ನಿಮಿಷ ಸಾಕು. ಬಾಯಲ್ಲಿಟ್ಟು ಎಂಜಲಲ್ಲೇ ನೆನೆಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಒಂದೇ ಸಮ ನೆನೆಯುವುದಿಲ್ಲ, ರೀಡು ಬೇಗ ಹಾಳಾಗುತ್ತದೆ. ನೀರಲ್ಲಿ ಹಾಕಿ ಮರೆತು ಕಾಫಿ ಕುಡಿಯಲು ಹೋದಿರೋ, ಬಂದು ನೋಡಿದರೆ ಬಾಯಿ ಅಗಲವಾಗಿ ತೆರೆದಿರುತ್ತದೆ. ಅಂಥ ರೀಡು ಊದಲು ಎತ್ತಿನ ಶಕ್ತಿ ಬೇಕು.

ತೆಗೆದು ನೀರು ಕೊಡವಿ. ಈಗ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿ. ಎರಡು ಅಲಗಿನ ನಡುವೆ ನಿದ್ದೆಗಣ್ಣಿನ ಹಾಗೆ ಸಣ್ಣ ಸಂದು ಕಾಣಬೇಕು, ಒಂದು ಮಿಲಿಮೀಟರಿಗಿಂತ ಕಡಿಮೆ. ಸಂದು ಜಾಸ್ತಿ ಇದ್ದರೆ ದಾರದ ಹತ್ತಿರ, ಅಲಗಿನ ಚಪ್ಪಟೆ ಮೈಯನ್ನು ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತಿ ಹತ್ತು ಎಣಿಸಿ. ಮುಚ್ಚಿಕೊಂಡಿದ್ದರೆ ಎರಡು ಅಂಚುಗಳನ್ನು ಒತ್ತಿ. ತುದಿಯನ್ನು ಮಾತ್ರ ಮುಟ್ಟಬೇಡಿ. ಅದು ಈರುಳ್ಳಿ ಸಿಪ್ಪೆಯ ಹಾಗೆ. ಅಂಗಿಯ ತೋಳು ತಗುಲಿದರೂ ಚೂರಾಗುತ್ತದೆ.

ಈಗ ಕೂಗು ಪರೀಕ್ಷೆ. ರೀಡನ್ನು ದಾರ ತುಟಿಗೆ ತಾಗುವಷ್ಟು ಒಳಗಿಟ್ಟು, ತುಟಿ ಬಿಗಿಯದೆ ಸುಮ್ನೆ ಊದಿ. ಕಾಗೆ ಕೂಗಿದ ಹಾಗೆ ಒರಟು ಸದ್ದು, ಒಂದಕ್ಕಿಂತ ಹೆಚ್ಚು ಸ್ವರ ಕಲಸಿಕೊಂಡು ಬಂದರೆ ರೀಡು ಬದುಕಿದೆ. ಬರೀ ಗಾಳಿ ಹೊರಟರೆ ಅದು ಗಟ್ಟಿ ಅಥವಾ ಒಣಗಿದೆ. ಕೀರಲು ಸೀಟಿ ಮಾತ್ರ ಬಂದರೆ ಬಾಯಿ ಮುಚ್ಚಿಕೊಂಡಿದೆ ಅಥವಾ ಅಂಚಿನಲ್ಲಿ ಗಾಳಿ ಸೋರುತ್ತಿದೆ. ಈ ಪರೀಕ್ಷೆಯಲ್ಲಿ ಫೇಲಾದ ರೀಡನ್ನು ವಾದ್ಯಕ್ಕೆ ಸಿಕ್ಕಿಸಬೇಡಿ. ಅದರಲ್ಲಿ ನೀವು ಕಲಿಯುವುದು ತಪ್ಪನ್ನು ಮಾತ್ರ.

ಮೂರೂ ರೀಡುಗಳನ್ನು ಸರದಿಯಲ್ಲಿ ಬಳಸಿ. ಒಂದು ರೀಡು ಹತ್ತು ಹದಿನೈದು ಗಂಟೆ ಊದುವುದರಲ್ಲಿ ಸೊರಗುತ್ತದೆ. ಇನ್ನೊಂದು ಮಾತು: ಮಂಗಳೂರಿನ ಸೆಕೆಯಲ್ಲಿ ಹಾಯಾಗಿ ಊದಿದ ರೀಡು ಬೆಂಗಳೂರಿನ ಒಣ ಚಳಿಗೆ ಬಂದರೆ ಬೇರೆಯದೇ ರೀಡಾಗುತ್ತದೆ. ಗಾಬರಿ ಬೇಡ, ಒಂದು ನಿಮಿಷ ಜಾಸ್ತಿ ನೆನೆಸಿ.

ಹಂತ 3: ತುಟಿ, ರೀಡು ಅಷ್ಟೇ

ಕನ್ನಡಿ ಮುಂದೆ ನಿಲ್ಲಿ. ಬಾಯನ್ನು 'ಓ' ಅನ್ನುವ ಹಾಗೆ ಮಾಡಿ. ರೀಡಿನ ತುದಿಯನ್ನು ಕೆಳತುಟಿಯ ಮಧ್ಯ ಇಟ್ಟು, ತುಟಿಯ ಜೊತೆಗೇ ಒಳಗೆ ಮಡಚಿಕೊಳ್ಳಿ. ಮೇಲಿನ ತುಟಿಯೂ ಹಲ್ಲಿನ ಮೇಲೆ ಮಡಚಲಿ. ಈಗ ಎರಡು ಹಲ್ಲಿನ ಸಾಲಿಗೂ ರೀಡಿಗೂ ನಡುವೆ ತುಟಿಯ ಮೆತ್ತೆ ಇದೆ. ಬಾಯೊಳಗೆ ಇಣುಕಬೇಕಾದ್ದು ತುದಿ ಮಾತ್ರ. ನಾಗಸ್ವರ ಊದುವವರನ್ನು ನೋಡಿ ಬಂದವರು ರೀಡನ್ನು ತುಂಬಾ ಒಳಗೆ ತಳ್ಳುತ್ತಾರೆ. ಓಬೋದಲ್ಲಿ ಹಾಗೆ ಮಾಡಿದರೆ ಸ್ವರ ಏರಿ ಕಿರುಚುತ್ತದೆ.

ಬಾಯಿಯ ಎರಡು ಮೂಲೆಗಳು ರೀಡಿನ ಕಡೆಗೆ ಬರಬೇಕು, ನಗುವಾಗಿನ ಹಾಗೆ ಹಿಂದಕ್ಕಲ್ಲ. ಗದ್ದ ಚಪ್ಪಟೆಯಾಗಿ ಕೆಳಗೆ. ಕೆನ್ನೆ ಉಬ್ಬಬಾರದು. ಚೀಲದ ಬಾಯನ್ನು ದಾರ ಎಳೆದು ಕಟ್ಟುತ್ತೇವಲ್ಲ, ಸುತ್ತಲಿಂದಲೂ ಒಂದೇ ಸಮ ಒತ್ತಡ, ಹಾಗೆ. ಮೇಲೆ ಕೆಳಗೆ ಕಚ್ಚುವುದಲ್ಲ.

ಟ್ಯೂನರ್ ಹಚ್ಚಿ, ಬರೀ ರೀಡು ಊದಿ. ಅಮೆರಿಕನ್ ಶೈಲಿಯ ಉದ್ದ ಕೆರೆತದ (ಅಲಗನ್ನು ಕೆರೆದ ಜಾಗ ಉದ್ದವಿರುವ) ರೀಡಾದರೆ ಹೆಚ್ಚುಕಡಿಮೆ ಸಿ ತೋರಿಸಬೇಕು. ಸಿ ಶಾರ್ಪ್ ದಾಟಿದರೆ ಕಚ್ಚುತ್ತಿದ್ದೀರಿ. ಯುರೋಪಿನ ಗಿಡ್ಡ ಕೆರೆತದ ರೀಡು ಇಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಅಲ್ಲಿ ಸ್ವರ ಅಲುಗದೆ ನಿಲ್ಲುತ್ತದಾ ಅನ್ನುವುದನ್ನಷ್ಟೇ ನೋಡಿ. ಹತ್ತು ಸೆಕೆಂಡು ಮುಳ್ಳು ಕದಲದೆ ನಿಂತರೆ ಮುಂದಿನ ಹಂತ.

ನಾಲಿಗೆಯದು ಒಂದು ಕನ್ನಡದ ತೊಂದರೆ. ಇಂಗ್ಲಿಷ್ ಪುಸ್ತಕಗಳಲ್ಲಿ 'ಟೂ' ಅಂತ ಹೇಳಿಕೊಂಡು ಸ್ವರ ಶುರು ಮಾಡಿ ಅಂತಿರುತ್ತದೆ. ನಮ್ಮ ಬಾಯಲ್ಲಿ ಟಕಾರಕ್ಕೆ ನಾಲಿಗೆ ಅಂಗುಳಕ್ಕೆ ಮಡಚಿಕೊಂಡುಬಿಡುತ್ತದೆ, ರೀಡಿನ ತುದಿಗೆ ಸಿಗುವುದೇ ಇಲ್ಲ. 'ತು' ಅನ್ನಿ, ಅಥವಾ ಇನ್ನೂ ಮೆತ್ತಗೆ 'ದು'. ನಾಲಿಗೆಯ ತುದಿ ರೀಡಿನ ತುದಿಗೆ ತಾಗಿರಲಿ, ಹಿಂದೆ ಗಾಳಿ ಒತ್ತಿ ನಿಲ್ಲಲಿ, ನಾಲಿಗೆ ಸರಿದಾಗ ಸ್ವರ ಹೊರಡಲಿ. ನಾಲಿಗೆ ಹೊಡೆಯುವುದಲ್ಲ, ಬಾಗಿಲು ತೆಗೆಯುವುದು.

ಹಂತ 4: ಉಸಿರು ಬಿಡುವುದನ್ನು ಕಲಿಯಿರಿ

ಓಬೋದಲ್ಲಿ ಉಸಿರು ಸಾಲದು ಅನ್ನಿಸುತ್ತದೆ, ಆದರೆ ಸಂಗತಿ ಉಲ್ಟಾ. ರೀಡಿನ ಸಂದು ಅಷ್ಟು ಚಿಕ್ಕದು, ಗಾಳಿ ಹೋಗುವುದೇ ಚೂರುಪಾರು. ಒಂದು ಸಾಲು ಊದಿ ಮುಗಿಸಿದಾಗಲೂ ಎದೆ ತುಂಬಾ ಗಾಳಿ ಉಳಿದಿರುತ್ತದೆ, ಆದರೆ ಅದು ಹಳಸಿದ ಗಾಳಿ. ಅದರ ಮೇಲೇ ಇನ್ನಷ್ಟು ಒಳಗೆ ಎಳೆದುಕೊಂಡರೆ ಎದೆ ಬಿಗಿಯುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣು ಮಂಜಾಗುತ್ತದೆ. ಕೊಳಲು ಊದಿ ಬಂದವರಿಗೆ ಇದು ತೀರಾ ಹೊಸದು. ಅಲ್ಲಿ ಗಾಳಿ ಖಾಲಿಯಾಗುತ್ತದೆ, ಇಲ್ಲಿ ಖಾಲಿಯಾಗುವುದೇ ಇಲ್ಲ.

ಅಭ್ಯಾಸ ಹೀಗೆ. ಮೆಟ್ರೊನೋಮ್ 60ಕ್ಕೆ ಇಡಿ. ಎಂಟು ಎಣಿಕೆ ರೀಡು ಊದಿ. ಬಾಯಿ ತೆಗೆದು ಎರಡು ಎಣಿಕೆ ಉಳಿದ ಗಾಳಿಯನ್ನೆಲ್ಲ 'ಹಾ' ಅಂತ ಹೊರಗೆ ಬಿಡಿ. ಆಮೇಲೆ ಎರಡು ಎಣಿಕೆ ಒಳಗೆ ತೆಗೆದುಕೊಳ್ಳಿ, ಹೊಟ್ಟೆ ಮುಂದೆ ಬರುವ ಹಾಗೆ, ಭುಜ ಏಳದ ಹಾಗೆ. ಮತ್ತೆ ಎಂಟು. ಹೀಗೆ ಐದು ಸಲ. ಮುಂದೆ ಸಂಗೀತ ನುಡಿಸುವಾಗಲೂ ಪುಸ್ತಕದಲ್ಲಿ ಎಲ್ಲಿ ಬಿಡಬೇಕು, ಎಲ್ಲಿ ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಎರಡು ಬೇರೆ ಗುರುತು ಹಾಕಿ. ಸಣ್ಣ ವಿರಾಮದಲ್ಲಿ ಬಿಡುವುದಷ್ಟೇ, ಮುಂದಿನ ವಿರಾಮದಲ್ಲಿ ತೆಗೆದುಕೊಳ್ಳುವುದು. ಇದೇ ಗುಟ್ಟು. ನನಗೆ ಇದನ್ನು ಯಾರೂ ಒಂದು ವರ್ಷ ಹೇಳಿರಲಿಲ್ಲ.

ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಕೂತುಕೊಳ್ಳಿ. ಗ್ಲಾಕೋಮಾ, ಹರ್ನಿಯಾ, ಇತ್ತೀಚಿನ ಕಣ್ಣಿನ ಆಪರೇಷನ್ ಏನಾದರೂ ಇದ್ದರೆ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ. ಇಷ್ಟು ಒತ್ತಿ ಊದುವಾಗ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ.

ಹಂತ 5: ಜೋಡಿಸುವುದು

ಈಗ ಪೆಟ್ಟಿಗೆ ತೆರೆಯಿರಿ. ಮೇಲಿನ ಭಾಗ, ಕೆಳಗಿನ ಭಾಗ, ತುದಿಯ ಗಂಟೆಯಾಕಾರದ ಬೆಲ್. ಕಾರ್ಕ್ ಒಣಗಿದ್ದರೆ ಚೂರೇ ಚೂರು ಗ್ರೀಸ್.

ಮೊದಲು ಕೆಳಗಿನ ಭಾಗಕ್ಕೆ ಬೆಲ್. ಬೆಲ್ಲಿನ ಮೇಲಿರುವ ಕೀ ಒತ್ತಿ ಹಿಡಿದರೆ ಅದರ ಸೇತುವೆ (ಎರಡು ಭಾಗದ ಕೀಗಳನ್ನು ಸೇರಿಸುವ ಕಡ್ಡಿ) ಏಳುತ್ತದೆ, ಆಗ ಕೂರಿಸಿ. ಆಮೇಲೆ ಮೇಲಿನ ಭಾಗ. ಇಲ್ಲಿ ಎರಡು ಭಾಗಗಳ ನಡುವೆ ಹಲವು ಸಣ್ಣ ಸೇತುವೆ ಕೀಗಳಿವೆ. ಬಾಟಲಿ ಮುಚ್ಚಳದ ಹಾಗೆ ಸುತ್ತಬೇಡಿ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲುಗಿಸುತ್ತಾ ಒಳಗೆ ತಳ್ಳಿ. ಕೀಗಳ ಮೇಲೆ ಮುಷ್ಟಿ ಬಿಗಿಯಬೇಡಿ, ಬಾಗಿದ ಒಂದು ಕೀ ರಿಪೇರಿಗೆ ಹೋದರೆ ವಾದ್ಯ ವಾರಗಟ್ಟಲೆ ಮನೆಗೆ ಬರುವುದಿಲ್ಲ.

ರೀಡು ಕೊನೆಗೆ. ಕಾರ್ಕ್ ಭಾಗ ಹಿಡಿದು, ತಳ ಮುಟ್ಟುವ ತನಕ ಒಳಗೆ ತಳ್ಳಿ. ಸ್ವರ ಏರಿದೆ ಅಂತ ರೀಡನ್ನು ಹೊರಗೆ ಎಳೆದು ಸರಿ ಮಾಡಲು ಹೋದರೆ ಒಳಗೆ ಪೊಳ್ಳು ಜಾಗ ಉಳಿದು ಬೇರೆ ಸ್ವರಗಳು ಕೆಡುತ್ತವೆ. ಏರಿದ್ದರೆ ಕಚ್ಚುವುದು ಬಿಡಿ. ಬಿಚ್ಚುವಾಗ ಮೊದಲು ತೆಗೆಯಬೇಕಾದ್ದೂ ರೀಡೇ.

ಹಂತ 6: ಬಿ, ಎ, ಜಿ

ವಾದ್ಯ ಮೈಯಿಂದ ಸುಮಾರು 45 ಡಿಗ್ರಿ ಮುಂದಿರಲಿ. ತಲೆ ಬಗ್ಗಿಸಿ ರೀಡಿನ ಹತ್ತಿರ ಹೋಗಬೇಡಿ, ರೀಡು ನಿಮ್ಮ ಹತ್ತಿರ ಬರಲಿ. ಭಾರವೆಲ್ಲ ಬಲ ಹೆಬ್ಬೆರಳ ಮೇಲೆ. ಮಕ್ಕಳಿಗೆ ಕುತ್ತಿಗೆ ಪಟ್ಟಿ ಹಾಕಿ.

ಎಡಗೈ ತೋರುಬೆರಳು ಒತ್ತಿದರೆ ಬಿ. ಮಧ್ಯದ ಬೆರಳು ಸೇರಿದರೆ ಎ. ಉಂಗುರ ಬೆರಳೂ ಸೇರಿದರೆ ಜಿ. ಎರಡು ವಾರ ಈ ಮೂರೇ ಸಾಕು. ಒಂದೊಂದನ್ನೂ ಎಂಟು ಎಣಿಕೆ, ಬಿಡುವುದು ಎರಡು, ತೆಗೆದುಕೊಳ್ಳುವುದು ಎರಡು. ಬೋರಾಗುತ್ತದೆ, ಗೊತ್ತು. ಟ್ಯೂನರಿನಲ್ಲಿ ಎ ಸ್ವರ 440 ಹರ್ಟ್ಸ್‌ಗೆ ಹತ್ತಿರ ನಿಲ್ಲುವುದನ್ನು ನೋಡುತ್ತಾ ಊದಿದರೆ ಸ್ವಲ್ಪ ಆಟದ ಹಾಗಿರುತ್ತದೆ.

ಒಂದೇ ಸಲ ಒಂದು ಗಂಟೆ ಬೇಡ. ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ (ಹೊಸ ಮರದ ವಾದ್ಯವಾದರೆ ಮೊದಲ ವಾರ ಒಂದೇ ಸಲ). ತುಟಿಯ ಮೂಲೆಗಳು ಸೋತು ಗಾಳಿ 'ಪುಸ್' ಅಂತ ಸೋರಲು ಶುರುವಾದರೆ ಮುಗಿಯಿತು, ಆ ಹೊತ್ತಿಗೆ ಇಡಿ. ಅದರ ಮೇಲೂ ಊದಿದರೆ ಸೋತ ತುಟಿಯ ಕೆಲಸವನ್ನು ದವಡೆ ವಹಿಸಿಕೊಳ್ಳುತ್ತದೆ. ಕಚ್ಚುವ ಚಾಳಿ ಅಂಟುವುದು ಹೀಗೆಯೇ.

ಮೂರೂ ನಿಂತ ಮೇಲೆ ಬಲಗೈ ಒಂದೊಂದೇ ಬೆರಳು ಸೇರಿಸುತ್ತಾ ಕೆಳಗೆ ಇಳಿಯಿರಿ: ಎಫ್ ಶಾರ್ಪ್, ಇ, ಡಿ.

ಹಂತ 7: ಅರ್ಧ ತೂತು, ಮೂರು ಎಫ್

ಕೆಳಗಿನ ಡಿ ಬಂತು, ಅದೇ ಬೆರಳಲ್ಲಿ ಮೇಲಿನ ಡಿ ಯಾಕೆ ಬರಲ್ಲ? ಎಡ ತೋರುಬೆರಳು ಇನ್ನೊಂದು ಕೆಲಸ ಮಾಡಬೇಕು. ಅದರ ಕೆಳಗಿನ ತಟ್ಟೆಯಲ್ಲಿ ಪುಟ್ಟ ತೂತಿದೆ. ಬೆರಳನ್ನು ಎತ್ತದೆ, ಕೆಳಗಿನ ಕಡೆಗೆ ಉರುಳಿಸಿ ಆ ತೂತು ಬಿಡಬೇಕು. ಮೇಲಿನ ಸಿ ಶಾರ್ಪ್, ಡಿ, ಇ ಫ್ಲಾಟ್ ಮೂರಕ್ಕೂ ಇದೇ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಅರ್ಧ ತೂತು ಮುಚ್ಚಿ ಗೊತ್ತಿದ್ದವರು ಬೆರಳು ಎತ್ತಿ ಓರೆ ಮಾಡುತ್ತಾರೆ. ಇಲ್ಲಿ ಎತ್ತಿದರೆ ಸ್ವರ ಒಡೆಯುತ್ತದೆ. ಮೇಲಿನ ಇಯಿಂದ ಜಿ ಶಾರ್ಪ್ ತನಕ ಹಿಂದಿನ ಹೆಬ್ಬೆರಳ ಆಕ್ಟೇವ್ ಕೀ (ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಕೀ), ಎಯಿಂದ ಮೇಲಿನ ಸಿ ತನಕ ಪಕ್ಕದ ಆಕ್ಟೇವ್ ಕೀ.

ಎಫ್ ಸ್ವರಕ್ಕೆ ಮೂರು ದಾರಿ: ಬಲಗೈಯ ಮಾಮೂಲಿ ಎಫ್ ಕೀ, ಎಡ ಕಿರುಬೆರಳ ಎಫ್, ಮತ್ತು ಬಲಗೈ ಮಧ್ಯದ ಬೆರಳು ಎತ್ತಿ ತೋರುಬೆರಳು ಉಂಗುರ ಬೆರಳು ಒತ್ತುವ ಕವಲು ಎಫ್. ಮೊದಲು ಮಾಮೂಲಿಯದನ್ನೇ ಕಲಿಯಿರಿ. ಡಿ ಅಥವಾ ಇ ಫ್ಲಾಟ್ ಪಕ್ಕದಲ್ಲಿದ್ದಾಗ ಬಲ ಉಂಗುರ ಬೆರಳು ಜಾರಬೇಕಾಗುತ್ತದೆ. ಅಲ್ಲಿ ಎಡ ಎಫ್ ಅಥವಾ ಕವಲು ಎಫ್. ಕವಲು ಎಫ್ ಸುಲಭ ಅಂತ ಎಲ್ಲ ಕಡೆ ಅದನ್ನೇ ಬಳಸುವವರಿದ್ದಾರೆ. ಅದರ ನಾದ ಮಂಕು, ಕೇಳುವವರಿಗೆ ಗೊತ್ತಾಗುತ್ತದೆ.

ಹಂತ 8: ಒರೆಸುವುದು

ಓಬೋದ ಒಳಗಿನ ಕೊಳವೆ ಮೇಲೆ ಸಪೂರ, ಕೆಳಗೆ ಅಗಲ. ಹಾಗಾಗಿ ಬಟ್ಟೆಯ ದಾರವನ್ನು ಪ್ರತಿ ಭಾಗದ ಅಗಲ ಬಾಯಿಂದ ಇಳಿಬಿಟ್ಟು, ಸಪೂರ ಕಡೆಯಿಂದ ನಿಧಾನ ಎಳೆಯಬೇಕು. ಎಳೆಯುವ ಮುಂಚೆ ಬಟ್ಟೆಯಲ್ಲಿ ಗಂಟಿಲ್ಲ ಅಂತ ನೋಡಿ. ಬಿಗಿಯಾಯಿತು ಅನ್ನಿಸಿದ ಕ್ಷಣ ನಿಲ್ಲಿಸಿ, ಹಿಂದಿನ ದಾರ ಹಿಡಿದು ವಾಪಸ್ ಎಳೆಯಿರಿ. ನಾನು ಹಿಂದೆ ದಾರವಿಲ್ಲದ ಕರ್ಚೀಫು ಎಳೆದು ಮೇಲಿನ ಭಾಗದಲ್ಲಿ ಸಿಕ್ಕಿಸಿದೆ. ಕಡ್ಡಿಯಿಂದ ತಳ್ಳಿದೆ, ಇನ್ನೂ ಬಿಗಿಯಿತು. ಕಡ್ಡಿ ಹಾಕಬೇಡಿ, ರಿಪೇರಿಯವರಿಗೆ ಕೊಡಿ.

ಊದುತ್ತಿದ್ದಾಗ ಒಂದು ಸ್ವರ ಮಾತ್ರ ಗುಳುಗುಳು ಅಂದರೆ ಕೀಯ ಕೆಳಗೆ ನೀರು ಕೂತಿದೆ. ಪ್ಯಾಡಿನ (ತೂತು ಮುಚ್ಚುವ ಮೆತ್ತೆ) ಕೆಳಗೆ ಸಿಗರೇಟ್ ಪೇಪರ್ ಇಟ್ಟು, ಕೀ ಮೆಲ್ಲಗೆ ಒತ್ತಿ ಬಿಡಿ. ಪೇಪರಿನ ಮೇಲೆ ದುಂಡಗೆ ಒಂದು ಒದ್ದೆ ಕಲೆ ಮೂಡುತ್ತದೆ. ಕಲೆ ಬರದ ತನಕ ಮಾಡಿ. ಒತ್ತಿದ ಪೇಪರನ್ನು ಎಳೆಯಬೇಡಿ, ಪ್ಯಾಡಿನ ಪದರ ಹರಿಯುತ್ತದೆ.

ರೀಡನ್ನು ಬಂದ ಪ್ಲಾಸ್ಟಿಕ್ ಕೊಳವೆಯಲ್ಲೇ ಒದ್ದೆಯಾಗಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಎರಡೇ ದಿನ. ಊದುವ ಮುಂಚೆ ಹಲ್ಲುಜ್ಜಿ. ಚಿತ್ರಾನ್ನ ತಿಂದು ಊದಿದ ರೀಡಿನ ಕಥೆ ಹೇಳುವುದಿಲ್ಲ.

ತಪ್ಪು ಯಾರದು: ರೀಡೋ, ನಾನೋ, ವಾದ್ಯವೋ?

ಸ್ವರ ಕೆಟ್ಟಾಗ ಈ ಕ್ರಮದಲ್ಲಿ ಹುಡುಕಿ. ಮೊದಲು ಇನ್ನೊಂದು ರೀಡು ಹಾಕಿ. ಸರಿಹೋದರೆ ಮೊದಲ ರೀಡಿನದೇ ತಪ್ಪು. ಹೋಗದಿದ್ದರೆ ಬೆರಳು ನೋಡಿ. ಜಿ ತನಕ ಚೆನ್ನಾಗಿದ್ದು ಡಿ, ಸಿ ಇಳಿದಂತೆ ನಡುಗಿದರೆ ಯಾವುದೋ ಬೆರಳು ತೂತನ್ನು ಪೂರ್ತಿ ಮುಚ್ಚಿಲ್ಲ. ಗಟ್ಟಿಯಾಗಿ ಒತ್ತಿ, ಬೆರಳ ತುದಿಯಲ್ಲಿ ಮೂಡುವ ಉಂಗುರದ ಗುರುತು ನೋಡಿದರೆ ಕಳ್ಳ ಬೆರಳು ಸಿಗುತ್ತದೆ.

ಅದೂ ಅಲ್ಲವಾದರೆ ವಾದ್ಯ. ಮೇಲಿನ ಭಾಗ ಮಾತ್ರ ತೆಗೆದುಕೊಂಡು, ಎಡಗೈ ಮೂರೂ ಬೆರಳು ಒತ್ತಿ, ಕೆಳಗಿನ ಬಾಯನ್ನು ಬಲ ಅಂಗೈಯಿಂದ ಮುಚ್ಚಿ, ರೀಡು ಕೂರುವ ಕಡೆಯಿಂದ ಗಾಳಿ ಹೀರಿ. ಹೀರಿದ್ದು ಎರಡು ಮೂರು ಸೆಕೆಂಡು ನಿಂತು, ಅಂಗೈ ತೆಗೆದಾಗ 'ಟಪ್' ಅಂದರೆ ಸೋರಿಕೆ ಇಲ್ಲ. ನಿಲ್ಲದಿದ್ದರೆ ಪ್ಯಾಡು ಸೋರುತ್ತಿದೆ ಅಥವಾ ಯಾವುದೋ ಸಣ್ಣ ಸ್ಕ್ರೂ ಸಡಿಲಾಗಿದೆ. ಆ ಸ್ಕ್ರೂಗಳಿಗೆ ನೀವು ಕೈ ಹಾಕಬೇಡಿ. ಒಂದನ್ನು ಕಾಲು ಸುತ್ತು ತಿರುಗಿಸಿದರೆ ಇನ್ನೆರಡು ಪ್ಯಾಡು ಏಳುತ್ತವೆ. ಮರದ ವಾದ್ಯದ ಮೈಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಅವತ್ತೇ ಊದುವುದು ನಿಲ್ಲಿಸಿ, ಗೆರೆಯ ಎರಡು ತುದಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಫೋಟೋ ತೆಗೆದು ರಿಪೇರಿಯವರಿಗೆ ಕಳಿಸಿ.